ಒಳಗೆನ್ನೆಯ ಕಸಿ

ನೆಗಡಿಯಾದರೆ ಊರಿಗೆಲ್ಲ ಹೇಳಿಕೊಳ್ಳುವ ಗಂಡಸು ಮೂತ್ರ ಕಟ್ಟಿದರೆ ಹೆಂಡತಿಗೂ ಹೇಳುವುದಿಲ್ಲ. ಧಾರೆ ದಾರದಂತೆ ಸಣ್ಣಗಾಗಿ, ತಿಣುಕಿದರೂ ಹನಿಹನಿಯಾಗಿ ಬೀಳುವಾಗ, ಉಷ್ಣವಾಯಿತೆಂದೋ ವಯಸ್ಸಾಯಿತೆಂದೋ ಎಳನೀರು, ಬಾರ್ಲಿ ನೀರುಗಳಲ್ಲಿ ಕಾಲ ಕಳೆಯುತ್ತಾನೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲೊಂದು ಮೂತ್ರನಾಳದ ಸಂಕೋಚ. ನಾಳಕ್ಕೂ ಸಂಕೋಚ, ರೋಗಿಗೂ ಸಂಕೋಚ. ಎರಡನೆಯದರಿಂದ ಮೊದಲನೆಯದು ಬಲಿಯುತ್ತದೆ.

ಮೂತ್ರಾಶಯದಿಂದ ಹೊರಕ್ಕೆ ಬರುವ ಈ ನಾಳ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್ ಉದ್ದ. ಸೈಕಲ್ಲಿನ ಅಡ್ಡಪಟ್ಟಿಯ ಮೇಲೆ ಬಿದ್ದು ತೊಡೆಸಂದಿಗೆ ತಗಲಿದ ಪೆಟ್ಟು, ಅಪಘಾತದಲ್ಲಿ ಮುರಿದ ಸೊಂಟದ ಮೂಳೆ, ಗನೋರಿಯಾದಂಥ ರೋಗ, ಬಹುದಿನ ಒಳಗಿಟ್ಟ ರಬ್ಬರ್ ನಳಿಕೆ, ತೊಗಲು ಬಿಳಿಚಿ ಬಿಗಿಯುವ ಒಂದು ಬಗೆಯ ಚರ್ಮವ್ಯಾಧಿ, ಇವುಗಳಿಂದ ನಾಳದ ಒಳಗೋಡೆ ಗಾಯಗೊಂಡು ಮಾಯುವಾಗ ಕಲೆಗಟ್ಟುತ್ತದೆ. ಮುದುರಿಕೊಳ್ಳುವುದು ಕಲೆಯ ಸ್ವಭಾವ. ದಾರಿ ಕಿರಿದಾದಷ್ಟೂ ಮೂತ್ರಾಶಯ ಹೆಣಗುತ್ತದೆ. ನಿಂತ ಮೂತ್ರದಲ್ಲಿ ಸೋಂಕು, ಕಲ್ಲು. ಅಲಕ್ಷಿಸಿದರೆ ಮೂತ್ರಪಿಂಡಗಳಿಗೇ ಕೇಡು.

ಇಕ್ಕಟ್ಟಾದುದನ್ನು ಹಿಗ್ಗಿಸುವುದು ಪ್ರಾಚೀನ ಉಪಾಯ. ಮುಂದೊಗಲು ಬಿಗಿದು ಮೂತ್ರದ ದಾರಿ ಕಟ್ಟುವ 'ನಿರುದ್ಧಪ್ರಕಶ'ವೆಂಬ ವ್ಯಾಧಿಯಲ್ಲಿ ಲೋಹದ, ಮರದ ಅಥವಾ ಅರಗಿನ ನಳಿಕೆಗೆ ತುಪ್ಪ ಸವರಿ ತೂರಿಸಬೇಕೆಂದೂ, ಮೂರು ಮೂರು ದಿನಕ್ಕೊಮ್ಮೆ ಇನ್ನೂ ದಪ್ಪನೆಯದನ್ನು ಬಳಸಬೇಕೆಂದೂ ಸುಶ್ರುತಸಂಹಿತೆ ವಿಧಿಸುತ್ತದೆ. ಇಂದು ಆಸ್ಪತ್ರೆಯಲ್ಲಿ ನಾಳಕ್ಕೆ ತೂರಿಸುವ ಸಲಾಕೆಗಳ ತತ್ತ್ವವೂ ಅದೇ. ದುರ್ಬೀನಿನಲ್ಲಿ ನೋಡುತ್ತ ಕಲೆಯನ್ನು ಒಳಗಿನಿಂದಲೇ ಸೀಳುವುದೂ ಉಂಟು. ಚಿಕ್ಕ ಕಲೆಗೆ ಒಂದು ಸಲ ಇದು ಸರಿಯೆ. ಆದರೆ ಮತ್ತೆ ಕಟ್ಟಿತೆಂದು ವರ್ಷವರ್ಷವೂ ಅದನ್ನೇ ಮಾಡಿಸಿಕೊಂಡರೆ ಪ್ರತಿ ಸಲವೂ ಹೊಸ ಗಾಯ, ಹೊಸ ಕಲೆ. ಕೊನೆಗೆ ಶಸ್ತ್ರವೈದ್ಯರ ಮುಂದೆ ಬರುವುದು ಮೊದಲಿಗಿಂತ ಉದ್ದವಾದ, ಗಡುಸಾದ ರೋಗ.

ನಾಳದ ಬುಡದಲ್ಲಿ ಸುಮಾರು 2 ಸೆಂಟಿಮೀಟರಿನೊಳಗಿನ ಕಲೆಯಾದರೆ ಅದನ್ನು ಕತ್ತರಿಸಿ ತೆಗೆದು ತುದಿಗೆ ತುದಿ ಹೊಲಿಯಬಹುದು. ಉದ್ದನೆಯದಕ್ಕೆ ಅದು ಆಗದು. ನಾಳವನ್ನು ಉದ್ದಕ್ಕೆ ಸೀಳಿ, ಬೇರೆ ಕಡೆಯ ತುಂಡನ್ನು ತೇಪೆ ಹಾಕಿ ಅಗಲಿಸಬೇಕು.

ತೇಪೆಯಲ್ಲಿ ಎರಡು ಬಗೆ. ಮಾವಿನ ಕಸಿ ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ತಾಯಿಮರದ ಕೊಂಬೆಯನ್ನು ಕಡಿಯದೆಯೇ ಕುಂಡದ ಸಸಿಗೆ ಕೂಡಿಸಿ ಕಟ್ಟುವುದುಂಟು. ಬೆಸೆಯುವವರೆಗೆ ಅದಕ್ಕೆ ಮರದ ರಸವೇ ಆಧಾರ. ಶಿಶ್ನದ ತೊಗಲಿನ ಪಟ್ಟಿಯನ್ನು ರಕ್ತನಾಳಗಳ ತೊಟ್ಟು ಕಳಚದಂತೆ ಹೊರಳಿಸಿ ಹೊಲಿಯುವುದು ಈ ತೆರನಾದುದು. 1968ರಲ್ಲಿ ಒರಾಂಡಿ ಎಂಬ ವೈದ್ಯರು ಪ್ರಕಟಿಸಿದ ಕ್ರಮ ಪ್ರಸಿದ್ಧ. (ಈ ತೊಟ್ಟನ್ನು ಮಾತ್ರ ಆಮೇಲೂ ಕತ್ತರಿಸುವುದಿಲ್ಲ.) ಇನ್ನೊಂದು, ಪೂರ್ತಿ ಬೇರ್ಪಡಿಸಿ ತಂದ ಕುಡಿಯ ಕಸಿ. ಅದಕ್ಕೆ ಸ್ವಂತ ರಕ್ತವಿಲ್ಲ. ಮೊದಲೆರಡು ದಿನ ತಾನು ಕುಳಿತ ಹಾಸಿನಿಂದ ಒಸರುವ ದ್ರವವನ್ನು ಹೀರಿ ಜೀವ ಹಿಡಿಯಬೇಕು; ಮುಂದಿನ ಎರಡು ದಿನಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಕೂಡಿಕೊಳ್ಳಬೇಕು. ಅಷ್ಟರಲ್ಲಿ ತುಂಡು ಅಲುಗಿದರೆ, ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಕಸಿ ಹತ್ತುವುದಿಲ್ಲ.

ಈ ಕುಡಿಯನ್ನು ತರುವುದೆಲ್ಲಿಂದ? ಕೂದಲುಳ್ಳ ಚರ್ಮ ಇಟ್ಟರೆ ನಾಳದೊಳಗೇ ಕೂದಲು ಬೆಳೆದು ಕಲ್ಲುಗಟ್ಟುವ ಪೀಡೆ. ಕೆನ್ನೆಯ ಒಳಪೊರೆಗೆ ಕೂದಲಿಲ್ಲ. ತೇವದಲ್ಲಿರುವುದು ಅದಕ್ಕೆ ಹುಟ್ಟಿನಿಂದಲೇ ರೂಢಿ. ಅಡಿಪದರದಲ್ಲಿ ರಕ್ತನಾಳಗಳು ದಟ್ಟ. 1941ರಲ್ಲಿ ಲಂಡನ್ನಿನ ಹಂಬಿ, ಮೂತ್ರದ್ವಾರ ಹುಟ್ಟಿನಿಂದಲೇ ಸ್ಥಳ ತಪ್ಪಿದ್ದ ರೋಗಿಗೆ ಇದನ್ನು ಬಳಸಿದ್ದರು. ಇದು ಬಳಕೆಗೆ ಬಂದದ್ದು 1990ರ ದಶಕದಲ್ಲಿ. 1996ರಲ್ಲಿ ಇಟಲಿಯ ಬಾರ್ಬಗ್ಲಿ ಕಸಿಯನ್ನು ನಾಳದ ಬೆನ್ನ ಕಡೆ ಕೂರಿಸುವ ಕ್ರಮ ತಂದರು. ಪುಣೆಯ ಸಂಜಯ ಕುಲಕರ್ಣಿ ಮತ್ತು ಸಂಗಡಿಗರು 2009ರಲ್ಲಿ, ನಾಳವನ್ನು ಒಂದೇ ಪಕ್ಕದಿಂದ ಬಿಡಿಸಿ ಇನ್ನೊಂದು ಪಕ್ಕದ ರಕ್ತಸಂಚಾರವನ್ನು ಕಾಯ್ದುಕೊಳ್ಳುವ ವಿಧಾನವನ್ನು ಪ್ರಕಟಿಸಿದರು.

ನಮ್ಮಲ್ಲಿ ಒಂದು ತೊಡಕುಂಟು. ಹೊಗೆಸೊಪ್ಪು, ಗುಟ್ಕಾ ಅಗಿದು ಕೆನ್ನೆ ಬಿಳಿಚಿ ಬಿರುಸಾಗಿದ್ದರೆ ಆ ಪೊರೆ ಕಸಿಗೆ ಒದಗುವುದಿಲ್ಲ. ಆದುದರಿಂದ ವೈದ್ಯರು ರೋಗಿಯ ಬಾಯನ್ನೂ ತೆರೆಸಿ ನೋಡುತ್ತಾರೆ. ಕಸಿಯಾದ ಮೇಲೆ ಕೆಲವು ದಿನ ಮೆತ್ತನೆಯ ಅನ್ನ, ಗಂಜಿ. ಸುಮಾರು ಮೂರು ವಾರ ನಳಿಕೆ. ಅದನ್ನು ತೆಗೆಯುವ ಹೊತ್ತಿಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವವನ್ನು ನಾಳದಲ್ಲಿ ಹರಿಸಿ, ಹೊಲಿಗೆ ಎಲ್ಲಿಯಾದರೂ ಸೋರುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ.