ಬಿಳಿ ಕೋಟಿಗೆ ಮೊದಲಿನ ಬಾಗಿಲು

ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಯ ಮನೆಗಳಲ್ಲಿ ಮಗನೋ ಮಗಳೋ "ಡಾಕ್ಟರ್ ಆಗ್ತೀನಿ" ಎಂದರೆ ತಾಯಿ ಮೊದಲು ದೇವರ ಮುಂದೆ ದೀಪ ಹಚ್ಚುತ್ತಾಳೆ; ತಂದೆ ಮೊದಲು ತೊಗರಿಯ ಧಾರಣೆಯನ್ನು ನೆನೆಯುತ್ತಾನೆ. ಓದು ಮಕ್ಕಳದು, ಖರ್ಚು ಹಿರಿಯರದು. ಆದರೆ ಓದು ಮತ್ತು ಖರ್ಚು ಇವೆರಡರ ನಡುವೆ ಇನ್ನೊಂದು ಬಾಗಿಲಿದೆ. ಅದರ ಆಚೆ ಕುಳಿತವರು ಏನು ಕೇಳುತ್ತಾರೆ, ಏನನ್ನು ನೋಡುತ್ತಾರೆ ಎಂಬುದು ಅರವತ್ತು ವರುಷಗಳಿಂದ ಈ ಮನೆಗಳನ್ನು ಕಾಡಿದ ಪ್ರಶ್ನೆ.

1956ರ ನವೆಂಬರ್ 1ರವರೆಗೆ ಈ ಮೂರೂ ತಾಲ್ಲೂಕುಗಳು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ವೈದ್ಯನಾಗಬೇಕೆಂಬ ಹುಡುಗನ ಕಣ್ಣು ಸಹಜವಾಗಿಯೇ ಹೈದರಾಬಾದಿನ ಉಸ್ಮಾನಿಯಾ ಕಾಲೇಜಿನ ಕಡೆಗಿತ್ತು. ರಾಜ್ಯಗಳ ಪುನರ್ವಿಂಗಡಣೆಯ ಬಳಿಕ ಮುಖ ದಕ್ಷಿಣಕ್ಕೆ ತಿರುಗಿತು. ಮೈಸೂರು, ಬೆಂಗಳೂರು, ಹುಬ್ಬಳ್ಳಿ ಎಲ್ಲವೂ ದೂರದ ಊರುಗಳೇ. ಕಲಬುರ್ಗಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೊರಟವನು ಗುಂತಕಲ್ಲಿನಲ್ಲಿ ಇಳಿದು ಸಣ್ಣ ಹಳಿಯ ಗಾಡಿಗೆ ಬದಲಾಯಿಸಬೇಕಾಗಿದ್ದ ಕಾಲ ಅದು. ಕಟಕ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಒಂದು ಕೈಯಲ್ಲಿ. ಅಂಕಪಟ್ಟಿ, ನಡತೆಯ ಪತ್ರಗಳ ಕಟ್ಟು ಇನ್ನೊಂದು ಕೈಯಲ್ಲಿ.

ಆ ದಿನಗಳಲ್ಲಿ ಅಂಕಪಟ್ಟಿಯೊಂದೇ ಸಾಲುತ್ತಿರಲಿಲ್ಲ. 1963ರ ಜುಲೈನಲ್ಲಿ ಮೈಸೂರು ಸರಕಾರ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಆಯ್ಕೆಗೆ ಒಂದು ಕ್ರಮವನ್ನು ಗೊತ್ತುಪಡಿಸಿತು. ಐಚ್ಛಿಕ ವಿಷಯಗಳ ಒಟ್ಟು ಅಂಕಗಳ ನೂರಕ್ಕೆ 25ರಷ್ಟನ್ನು ಸಂದರ್ಶನಕ್ಕೆ ಮೀಸಲಿಡಬೇಕು ಎಂಬುದು ಅದರ ತಿರುಳು. ಆ ಅಂಕಗಳನ್ನು ಯಾವುದಕ್ಕೆ ಕೊಡಬೇಕೆಂಬುದನ್ನೂ ಹೇಳಲಾಗಿತ್ತು. ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ವಿದ್ಯಾಭ್ಯಾಸದ ವಿಶೇಷ ಸಾಧನೆ, ಎನ್.ಸಿ.ಸಿ. ಮುಂತಾದ ದಳಗಳಲ್ಲಿ ಸೇವೆ. ಇವುಗಳ ಜೊತೆಗೆ ಆಟೋಟ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ.

ಕಾಗದದ ಮೇಲೆ ಇದು ಚೆಂದವಾಗಿಯೇ ಕಾಣುತ್ತದೆ. ರೋಗಿಯ ಹಾಸಿಗೆಯ ಬಳಿ ನಿಲ್ಲಬೇಕಾದವನಿಗೆ ಪುಸ್ತಕದ ಬುದ್ಧಿಯೊಂದೇ ಸಾಕೇ ಎಂದು ಯಾರಾದರೂ ಕೇಳಿದರೆ ಇಲ್ಲವೆನ್ನುವುದು ಹೇಗೆ? ಆದರೆ ಲೆಕ್ಕವನ್ನು ಬಿಡಿಸಿ ನೋಡಬೇಕು. ಐಚ್ಛಿಕ ವಿಷಯಗಳಿಗೆ ಒಟ್ಟು 300 ಅಂಕಗಳೆಂದಿಟ್ಟುಕೊಂಡರೆ ಸಂದರ್ಶನಕ್ಕೆ 75. ಪರೀಕ್ಷೆಯಲ್ಲಿ 240 ಅಂಕ ಪಡೆದ ಹುಡುಗಿ ಆ ಕೋಣೆಯಲ್ಲಿ ನಾಲಗೆ ಒಣಗಿ 30 ಅಂಕ ಪಡೆದರೆ ಒಟ್ಟು 270. ಪರೀಕ್ಷೆಯಲ್ಲಿ 210ಕ್ಕೇ ನಿಂತ ಇನ್ನೊಬ್ಬ ನಗುನಗುತ್ತ ಮಾತನಾಡಿ 65 ಗಳಿಸಿದರೆ 275. ವರುಷವಿಡೀ ಕಂದೀಲಿನ ಮುಂದೆ ಕುಳಿತು ಗಳಿಸಿದ 30 ಅಂಕಗಳ ಮುನ್ನಡೆ ಕೆಲವು ನಿಮಿಷಗಳಲ್ಲಿ ಕರಗಿ, ಐದು ಅಂಕಗಳ ಹಿನ್ನಡೆಯಾಗಿಬಿಡುತ್ತದೆ!

ಚರ್ಚಾಸ್ಪರ್ಧೆಯ ಬಹುಮಾನ ಬೇಕಾದರೆ ಊರಿನ ಶಾಲೆಯಲ್ಲಿ ಚರ್ಚಾಸ್ಪರ್ಧೆ ನಡೆಯಬೇಕು. ಎನ್.ಸಿ.ಸಿ. ಪ್ರಮಾಣಪತ್ರ ಬೇಕಾದರೆ ಶಾಲೆಯಲ್ಲಿ ಆ ದಳ ಇರಬೇಕು. ಭೀಮಾ ನದಿಗೆ ಪ್ರವಾಹ ಬಂದಾಗ ದಡದ ಹಳ್ಳಿಯವರೊಡನೆ ಸೇರಿ ಮುದುಕರನ್ನೂ ದನಕರುಗಳನ್ನೂ ದಾಟಿಸಿದ ಹುಡುಗನಿಗೆ ಅದು ಸಮಾಜಸೇವೆಯೆಂಬ ಹೆಸರಿನದೆಂದೇ ಗೊತ್ತಿರುವುದಿಲ್ಲ. ಅದಕ್ಕೆ ಪ್ರಮಾಣಪತ್ರವನ್ನು ಬರೆದುಕೊಡುವವರೂ ಇರುವುದಿಲ್ಲ. ಇನ್ನು ಇಂಗ್ಲಿಷ್. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು, ಸೊಲ್ಲಾಪುರದ ನೆಂಟರೊಡನೆ ಮರಾಠಿ ಎಂದು ಮೂರು ಭಾಷೆಗಳನ್ನು ಸಲೀಸಾಗಿ ಆಡುವ ಆಳಂದದ ಹುಡುಗ ನಾಲ್ಕನೆಯದರಲ್ಲಿ ತಡವರಿಸಿದರೆ ಅವನಿಗೆ ವ್ಯಕ್ತಿತ್ವವಿಲ್ಲವೆಂದು ಹೇಳಬಹುದೇ?

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತಲು ತಡವಾಗಲಿಲ್ಲ. ಆರ್. ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ ಎಂದು ಕಾನೂನಿನ ಪುಸ್ತಕಗಳಲ್ಲಿ ಹೆಸರಾದ ಮೊಕದ್ದಮೆ ಅದೇ. ಆಯ್ಕೆ ಸಮಿತಿ ಅಂಕ ಕೊಡುವಲ್ಲಿ ತನ್ನ ಅಧಿಕಾರವನ್ನು ದುರುಪಯೋಗಪಡಿಸಿಕೊಂಡಿತೆಂದು ಮೈಸೂರು ಉಚ್ಚ ನ್ಯಾಯಾಲಯ ಕಂಡುಕೊಂಡು, ನಡೆದಿದ್ದ ಸಂದರ್ಶನಗಳನ್ನೇ ರದ್ದುಗೊಳಿಸಿ, ಹೊಸದಾಗಿ ನಡೆಸಬೇಕೆಂದು ಆಜ್ಞಾಪಿಸಿತು. ಸಂದರ್ಶನದ ಪದ್ಧತಿಯೇ ತಪ್ಪೆಂಬ ವಾದವನ್ನು ಹಿಡಿದು ಕೆಲವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 1964ರ ಜನವರಿಯಲ್ಲಿ ತೀರ್ಪು ಬಂತು. ಬಹುಮತದ ಪರವಾಗಿ ಬರೆದ ನ್ಯಾಯಮೂರ್ತಿ ಸುಬ್ಬರಾವ್ ಅವರು ಪದ್ಧತಿಯನ್ನು ಎತ್ತಿಹಿಡಿದರು. ಅದು ಕೆಲವರ ಕೈಯಲ್ಲಿ ಕೆಟ್ಟ ಮಾತ್ರಕ್ಕೆ ಪದ್ಧತಿಯನ್ನೇ ಕೆಟ್ಟದ್ದೆನ್ನಲು ಅವರು ಒಪ್ಪಲಿಲ್ಲ. ನ್ಯಾಯಮೂರ್ತಿ ಮುಧೋಳ್ಕರ್ ಅವರದು ಭಿನ್ನಮತ.

ಒಂದೇ ಸಲ ಸಂದರ್ಶನಕ್ಕೆ ಹೋಗಿ ಬರುವಷ್ಟರಲ್ಲಿ ಉಸಿರು ಕಟ್ಟಿಸಿಕೊಂಡ ಮಕ್ಕಳು ಎರಡನೆಯ ಸಲವೂ ಅದೇ ಮೆಟ್ಟಿಲು ಹತ್ತಬೇಕಾದಾಗ ಅವರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಯಾವ ತೀರ್ಪೂ ಬರೆದಿಡುವುದಿಲ್ಲ.

ಇದೇ 1963ರಲ್ಲಿಯೇ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಲಬುರ್ಗಿಯಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು. ಸಂಸ್ಥೆಯನ್ನು ಕಟ್ಟಿದ ಮಹಾದೇವಪ್ಪ ರಾಂಪುರೆ ಅವರ ಹೆಸರನ್ನೇ ಅದು ಹೊತ್ತಿದೆ. ಮನೆಯಿಂದ ಒಂದು ಬಸ್ಸಿನಲ್ಲಿ ತಲುಪಬಹುದಾದ ವೈದ್ಯಕೀಯ ಕಾಲೇಜು ಎಂಬುದೇ ಆಗ ಈ ತಾಲ್ಲೂಕುಗಳಿಗೆ ನಂಬಲಾರದ ಸಂಗತಿ.

ಸಂದರ್ಶನಕ್ಕೆ ನಿಜವಾದ ಲಗಾಮು ಬಿದ್ದದ್ದು ದೂರದ ಶ್ರೀನಗರದ ಒಂದು ಮೊಕದ್ದಮೆಯಿಂದ. ಅಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಲಿಖಿತ ಪರೀಕ್ಷೆಗೆ 100, ಸಂದರ್ಶನಕ್ಕೆ 50 ಅಂಕಗಳಿದ್ದವು. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷಗಳು ಮಾತ್ರ. ಕೇಳಿದ ಪ್ರಶ್ನೆಗಳು ತಂದೆತಾಯಿ ಯಾರು, ವಾಸ ಎಲ್ಲಿ ಎಂಬಂಥವು ಎಂದು ಅರ್ಜಿದಾರರು ದೂರಿದರು. ಅಜಯ್ ಹಾಸಿಯಾ ಪ್ರಕರಣವೆಂದು ಪ್ರಸಿದ್ಧವಾದ ಇದರಲ್ಲಿ 1980ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಪ್ರವೇಶದ ಆಯ್ಕೆಯಲ್ಲಿ ಸಂದರ್ಶನಕ್ಕೆ ನೂರಕ್ಕೆ 15ಕ್ಕಿಂತ ಹೆಚ್ಚು ಅಂಕಗಳನ್ನಿಡುವುದು ಸಲ್ಲದೆಂದು ಹೇಳಿತು. ಅಷ್ಟೇ ಅಲ್ಲ, ಸಂದರ್ಶನದ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳುವುದು ಒಳಿತೆಂದೂ ಸೂಚಿಸಿತು. ಎರಡು ನಿಮಿಷಗಳಲ್ಲಿ ಮನುಷ್ಯನ ವ್ಯಕ್ತಿತ್ವವನ್ನು ಅಳೆಯಬಲ್ಲ ಮಹನೀಯರಿದ್ದರೆ ಅವರನ್ನು ವಧೂವರಾನ್ವೇಷಣೆಗೆ ನೇಮಿಸುವುದು ಲೇಸು.

ಆಮೇಲಿನದು ದುಡ್ಡಿನ ಕಾಲ. ಕರ್ನಾಟಕ 1984ರಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆ ಮಾಡಿತು; 1992ರ ಮೋಹಿನಿ ಜೈನ್ ಪ್ರಕರಣ ದೇಶವೆಲ್ಲ ಸುದ್ದಿಯಾಯಿತು. ಮುಂದೆ ಸಿ.ಇ.ಟಿ., 2016ರಿಂದ ನೀಟ್. ಈಗ 720 ಅಂಕಗಳ ಒಂದೇ ಪರೀಕ್ಷೆ, ಕನ್ನಡದಲ್ಲಿಯೂ ಬರೆಯಬಹುದು. ವ್ಯಕ್ತಿತ್ವಕ್ಕೆ ಅಂಕವಿಲ್ಲ, ನಾಟಕಕ್ಕೆ ಅಂಕವಿಲ್ಲ, ನಾಲಗೆ ಒಣಗಿದರೂ ಚಿಂತೆಯಿಲ್ಲ.

ಹಾಗಾದರೆ ಆ ಬಾಗಿಲು ಮುಚ್ಚಿತೇ? ಮುಚ್ಚಲಿಲ್ಲ, ಅದರ ಆಚೆ ಕುಳಿತವರು ಈಗ ಹುಡುಗನ ಮುಖವನ್ನಲ್ಲ, ಅವನ ಕಾಗದಗಳನ್ನು ನೋಡುತ್ತಾರೆ. ಸಂವಿಧಾನದ 371(ಜೆ) ವಿಧಿಯ ಮೇರೆಗೆ, 2013ರಿಂದ ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದೆಡೆ 8 ಸೀಟುಗಳು ಇಲ್ಲಿಯವರಿಗೆ ಮೀಸಲು. ಅದೇ ವರುಷ ಕಲಬುರ್ಗಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಆರಂಭವಾಯಿತು. ಆದರೆ ಈ ಸೌಲಭ್ಯಕ್ಕೆ ಉಪವಿಭಾಗಾಧಿಕಾರಿಗಳ ಅರ್ಹತಾ ಪತ್ರ ಬೇಕು. ಜಾತಿ, ಆದಾಯದ ಪತ್ರಗಳಿಗೆ ನಾಡಕಚೇರಿ. ಹಳ್ಳಿಯ ಶಾಲೆಯಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಓದಿದ ಗ್ರಾಮೀಣ ಮೀಸಲಿಗೂ, ಕನ್ನಡ ಮಾಧ್ಯಮದ ಮೀಸಲಿಗೂ ವ್ಯಾಸಂಗ ಪತ್ರ. ಅದರ ಮೇಲೆ ಮುಖ್ಯಗುರುಗಳ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ.

"ತಮ್ಮಾ, ಹೆಡ್ ಮಾಸ್ತರ ಸಹಿ ಅದ. ಬಿ.ಇ.ಓ. ಸಾಹೇಬ್ರ ಸಹಿ ಎಲ್ಲದ?" ಎಂಬ ಒಂದೇ ಪ್ರಶ್ನೆಗೆ ಹುಡುಗನ ಮುಖ ಬಿಳಿಚಿಕೊಳ್ಳುತ್ತದೆ. ಅಜ್ಜನ ಕಾಲದಲ್ಲಿ ಗಾಂಧೀಜಿಯ ಬಗ್ಗೆಯೋ ಮಲೇರಿಯಾದ ಬಗ್ಗೆಯೋ ಕೇಳಿದ್ದರೆ ಏನಾದರೂ ಹೇಳಬಹುದಾಗಿತ್ತು. ಇದಕ್ಕೆ ಉತ್ತರವಿಲ್ಲ, ಅಫಜಲಪುರದ ಬಸ್ಸು ಹಿಡಿದು ಹಿಂದಿರುಗಬೇಕಷ್ಟೆ. ತಂದೆ ಏನೂ ಅನ್ನುವುದಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು, "ನಾಳಿ ಬರೂಣು, ನಡಿ" ಎನ್ನುತ್ತಾನೆ. ಗಡುವು ನಾಳೆಯೇ ಮುಗಿಯುವುದಾದರೆ ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ.

ಹಳೆಯ ತೆರನಾದ ಸಂದರ್ಶನವನ್ನು ನೋಡಬೇಕೆಂದರೆ ಈಗ ಪುಣೆಗೆ ಹೋಗಬೇಕು. 1948ರಲ್ಲಿ ಸ್ಥಾಪಿತವಾದ ಸೇನಾ ವೈದ್ಯಕೀಯ ಕಾಲೇಜು ನೀಟ್ ಅಂಕಗಳ ಆಧಾರದಿಂದ ಕರೆಸಿಕೊಂಡವರಿಗೆ ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆಯನ್ನು ಇಟ್ಟು, ಬಳಿಕ ಎದುರಿಗೆ ಕೂರಿಸಿ ಮಾತನಾಡಿಸುತ್ತದೆ, ದೇಹಪರೀಕ್ಷೆಯೂ ಉಂಟು. ಓದಿ ಮುಗಿಸಿದವರು ಸೇನೆಯ ವೈದ್ಯಕೀಯ ಸೇವೆಗೆ ಸೇರಬೇಕಾದ್ದರಿಂದ ಅಲ್ಲಿ ಮನುಷ್ಯನನ್ನು ನೋಡಿಯೇ ತೆಗೆದುಕೊಳ್ಳುವುದಕ್ಕೆ ಅರ್ಥವಿದೆ. ಆಳಂದದವರಿಗೆ ಇದು ಬೆಂಗಳೂರಿಗಿಂತ ಹತ್ತಿರ. ಸೊಲ್ಲಾಪುರದಲ್ಲಿ ರೈಲು ಹತ್ತಿದರಾಯಿತು.

ಉಳಿದವರು ಮನೆಯ ಸಮೀಪದ ಕಂಪ್ಯೂಟರ್ ಅಂಗಡಿಯಲ್ಲಿಯೇ ಕಾಲೇಜುಗಳ ಹೆಸರನ್ನು ಒಂದರ ಕೆಳಗೊಂದರಂತೆ ಜೋಡಿಸುತ್ತಾರೆ. ಜೇವರ್ಗಿಯ ಅಂಥ ಅಂಗಡಿಯೊಂದರಲ್ಲಿ ತಂದೆ ಹಿಂದೆ ನಿಂತಿರುತ್ತಾನೆ, ಮಗಳು ಮುಂದೆ ಕುಳಿತಿರುತ್ತಾಳೆ. ಕಲಬುರ್ಗಿ ಮೊದಲೋ, ಬೆಂಗಳೂರು ಮೊದಲೋ? ಹೆಸರು ದೊಡ್ಡದು ಅಲ್ಲಿಯದು, ಊಟದ ಡಬ್ಬಿ ತಲುಪುವುದು ಇಲ್ಲಿಗೆ.

"ಯವ್ವಾ, ನಿನಗ ಯಾವುದು ಬೇಕು ಅದನ್ನೇ ಹಾಕು. ನನ್ನ ಮಾರಿ ನೋಡಬ್ಯಾಡ."

ಮಗಳು ತಂದೆಯ ಮಾರಿಯನ್ನು ನೋಡಿಯೇ ಕಲಬುರ್ಗಿಯನ್ನು ಮೇಲಕ್ಕೆ ಸರಿಸುತ್ತಾಳೆ. ಅಂಗಡಿಯ ಹುಡುಗ ಅಚ್ಚಿನ ಪ್ರತಿಯನ್ನು ತೆಗೆದು, ಎರಡು ಹಾಳೆಗೆ ಇಷ್ಟು ಎಂದು ಲೆಕ್ಕ ಹೇಳುತ್ತಾನೆ.