ಪಕ್ಕೆಲುಬು ಮೆತ್ತಗಾಗುವುದು ಉರಿಯಿಂದಲ್ಲ

ಮುದಿ ಎಮ್ಮೆಯ ಪಕ್ಕೆಲುಬು ಎಷ್ಟು ಬೇಯಿಸಿದರೂ ರಬ್ಬರೇ ಎಂಬ ಮಾತಿದೆ. ಮುದಿ ಎನ್ನುವುದೇನೋ ನಿಜ. 2020ರ ಕಾಯ್ದೆಯ ಪ್ರಕಾರ ಕರ್ನಾಟಕದಲ್ಲಿ ಕಡಿಯಲು ಅನುಮತಿ ಸಿಗುವುದು 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ; ಹಾಗಾಗಿ ಕೆಜಿಎಫ್, ಬಂಗಾರಪೇಟೆಯ ಕಡೆ ಬೀಫ್ ಎಂದು ಕೊಳ್ಳುವುದು ಬಹುಮಟ್ಟಿಗೆ ಇಂಥ ಮಾಂಸವನ್ನೇ. ಪ್ರಾಣಿಗೆ ವಯಸ್ಸಾದಂತೆ ಮಾಂಸದೊಳಗಿನ ಕಾಲಜನ್ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಿರುಸಾಗುತ್ತವೆ. ಆದರೆ ಅದೇ ಕಾಲಜನ್ ತೇವದ ಬಿಸಿಯಲ್ಲಿ ಗಂಟೆಗಟ್ಟಲೆ ಕೂತರೆ ಜೆಲಟಿನ್ ಆಗಿ ಕರಗುತ್ತದೆ. ಮೂರು ನಾಲ್ಕು ಗಂಟೆ ಬೆಂದ ಪಕ್ಕೆಲುಬಿನಲ್ಲಿ ಬಾಯಿಗೆ ರಸವೆನಿಸುವುದರ ಬಹುಪಾಲು ಈ ಜೆಲಟಿನ್ ಮತ್ತು ಕೊಬ್ಬೇ. ದುಬಾರಿ ಬೆನ್ನಿನ ಮಾಂಸವನ್ನು ಅಷ್ಟು ಹೊತ್ತು ಬೇಯಿಸಿ ನೋಡಿ, ನಾರು ಉಳಿಯುತ್ತದೆ.

ಹಾಗಾದರೆ ಉರಿ ಜಾಸ್ತಿ ಮಾಡಿದರೆ ಬೇಗ ಬೇಯಬೇಕಲ್ಲ? ಇಲ್ಲ. ಕೆಜಿಎಫ್ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅದರ ಮೇಲೆ ಎಷ್ಟು ಉರಿ ಕೊಟ್ಟರೂ ಬಿಸಿ ಏರುವುದಿಲ್ಲ, ನೀರು ಬತ್ತುತ್ತದೆ, ಅಷ್ಟೇ. ಕುಕ್ಕರ್ ಮಾತು ಬೇರೆ. ಅದರೊಳಗೆ ಒತ್ತಡದಿಂದ ಬಿಸಿ 120 ಡಿಗ್ರಿಯ ಹತ್ತಿರ ಹೋಗುವುದರಿಂದ ಕಾಲಜನ್ ಬೇಗ ಕರಗುತ್ತದೆ. ಕುಕ್ಕರಿನಲ್ಲಿ ಬೇಯಿಸಿದರೆ ರುಚಿ ಕೆಡುತ್ತದೆ ಎನ್ನುವವರ ಜೊತೆ ನಾನಿಲ್ಲ. ಅಲ್ಲಿ ಹದ ತಪ್ಪುವುದು ಸುಲಭ ಎಂಬುದಷ್ಟೇ ತಕರಾರು: ಹತ್ತು ನಿಮಿಷ ಕಡಿಮೆಯಾದರೆ ಬಿರುಸು, ಹೆಚ್ಚಾದರೆ ಮಾಂಸ ಎಲುಬು ಬಿಟ್ಟು ಸಾರಿಗೆ ಸೇರುತ್ತದೆ. ಹಸಿ ಪರಂಗಿಕಾಯಿ ಅರೆದು ಹಚ್ಚುವವರೂ ಇದ್ದಾರೆ. ಅದರಲ್ಲಿನ ಪಪೇನ್ ಎಂಬ ಕಿಣ್ವ ಮೇಲ್ಪದರವನ್ನು ಮೆತ್ತಗೆ ಮಾಡುತ್ತದೆ. ಆಳಕ್ಕೆ ಇಳಿಯುವುದಿಲ್ಲ, ಬಿಸಿ ಏರಿದ ಮೇಲೆ ಅದರ ಶಕ್ತಿಯೂ ಉಳಿಯುವುದಿಲ್ಲ.

ಮೊದಲು ಹುರಿದರೆ ರಸ ಒಳಗೇ ಉಳಿಯುತ್ತದೆ ಎಂಬುದು ಇನ್ನೂ ಗಟ್ಟಿ ನಂಬಿಕೆ. 1847ರ ಸುಮಾರಿಗೆ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಇದಕ್ಕೆ ವಿಜ್ಞಾನದ ಮುದ್ರೆ ಒತ್ತಿದ. ಆಮೇಲೆ ಹುರಿದ, ಹುರಿಯದ ತುಂಡುಗಳನ್ನು ತೂಗಿ ನೋಡಿದವರಿಗೆ ಹುರಿದದ್ದೂ ಅಷ್ಟೇ ನೀರು ಬಿಟ್ಟಿರುವುದು ಕಂಡಿತು. ಬಾಣಲೆಯಲ್ಲಿ ಮಾಂಸ ಚುಂಯ್‌ಗುಡುವುದೇ ನೀರು ಹೊರಗೆ ಬರುತ್ತಿರುವುದರಿಂದ. ಹಾಗಂತ ಹುರಿಯುವುದು ದಂಡವಲ್ಲ; ಕಂದುಬಣ್ಣ, ಸುಟ್ಟ ಪರಿಮಳ ಎರಡೂ ಅದರಿಂದಲೇ ಬರುತ್ತವೆ.

ಪಕ್ಕೆಲುಬಿಗೆ ಕೊನೆಗೆ ಹಚ್ಚುವ ಮಿರುಗುವ ಲೇಪಕ್ಕೆ ಬೆಲ್ಲ ಬೇಕು, ಆದರೆ ಮೊದಲೇ ಹಾಕಬಾರದು. ಸಾರು ಬತ್ತುತ್ತಾ ಬಂದಂತೆ ಬೆಲ್ಲ ತಳ ಹಿಡಿದು ಕಹಿಯಾಗುತ್ತದೆ. ಪಕ್ಕೆಲುಬು ಬೆಂದ ಮೇಲೆ ತೆಗೆದಿಟ್ಟು, ಸಾರಿನ ಮೇಲಿನ ಜಿಡ್ಡು ತೆಗೆದು, ಬೆಲ್ಲ, ವಿನೆಗರ್, ಖಾರದ ಪುಡಿ ಸೇರಿಸಿ ಬತ್ತಿಸಿಕೊಂಡರೆ ಜೆಲಟಿನ್ನೇ ಅಂಟು ಕೊಡುತ್ತದೆ, ಮೈದಾ ಬೇಡ. ಮಾಂಸಕ್ಕೆ ವಿನೆಗರ್ ಹಾಕುವುದು ಹೊಸ ಹೋಟೆಲ್ ಶೋಕಿಯೂ ಅಲ್ಲ. ಚಿನ್ನದ ಗಣಿ ಕಾಲದಿಂದ ಕೆಜಿಎಫ್‌ನಲ್ಲಿರುವ ಆಂಗ್ಲೋ-ಇಂಡಿಯನ್ನರ ವಿಂದಾಲು ನಿಂತಿರುವುದೇ ಅದರ ಮೇಲೆ. ಅಲ್ಲೇ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಈ ಅಡುಗೆಗಳನ್ನು ಪುಸ್ತಕಗಳಲ್ಲಿ ದಾಖಲಿಸಿದ್ದಾರೆ.

ಪಕ್ಕೆಲುಬಿನ ಜೊತೆಗಿಟ್ಟ ಹಸಿ ತರಕಾರಿಯನ್ನು ಅಲಂಕಾರವೆಂದು ತಟ್ಟೆಯಂಚಿಗೆ ತಳ್ಳುವವರು ಊಟದ ಅರ್ಧ ಕಳೆದುಕೊಳ್ಳುತ್ತಾರೆ. ನಾಲಗೆಗೆ ಅಂಟಿದ ಜಿಡ್ಡನ್ನು ನಿಂಬೆ ಹುಳಿ, ಕೋಲಾರದ ಟೊಮೇಟೊ, ಸೌತೆ, ಹಸಿ ಈರುಳ್ಳಿ ಬಿಡಿಸುತ್ತವೆ. ತರಕಾರಿಗೆ ಉಪ್ಪನ್ನು ಮಾತ್ರ ಮಾಂಸ ತಟ್ಟೆಗೆ ಬಿದ್ದ ಮೇಲೇ ಹಾಕಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಂಡು ಸಪ್ಪಗಾಗುತ್ತದೆ.