ಜೈಲಿನಿಂದ ಬಂದವರಿಗೂ ಡೇರಿಯ ಸಾಲಿನಲ್ಲಿ ಜಾಗವಿರಲಿ

ಸೋದರಿಯರೇ, ಈ ಬಾರಿ ಮೇವು, ಕೆಚ್ಚಲು ಬಾವು ಬಿಟ್ಟು ಬೇರೆ ವಿಷಯ. ಶಿಕ್ಷೆ ಮುಗಿಸಿಯೋ ಜಾಮೀನಿನ ಮೇಲೋ ಮನೆಗೆ ಮರಳಿದವರು ನಿಮ್ಮೂರಿನಲ್ಲೂ ಇರಬಹುದು. ಅದು ಪಕ್ಕದ ಮನೆಯಾಕೆ ಇರಬಹುದು, ನಿಮ್ಮ ಮೈದುನ ಇರಬಹುದು, ಮಗನೇ ಇರಬಹುದು.

ಮೊದಲು ಒಂದು ಮಾತು. ಜೈಲು ಕಂಡವರೆಲ್ಲ ಅಪರಾಧಿಗಳಲ್ಲ. ನಮ್ಮ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಬಂದಿಗಳು. ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ಆದರೆ ಹಳ್ಳಿಯ ಬಾಯಿಗೆ ಈ ವ್ಯತ್ಯಾಸ ಗೊತ್ತಿಲ್ಲ. 'ಒಳಗೆ ಹೋಗಿ ಬಂದವಳು' ಎಂದರೆ ಮುಗಿಯಿತು.

ಇಂಥವರಿಗೆ ಕೆಲಸ ಸಿಗುವುದು ಬಲು ಕಷ್ಟ. ಗಾರ್ಮೆಂಟ್ಸ್, ಸೆಕ್ಯೂರಿಟಿ ಕೆಲಸ ಎಂದು ಹೋದರೆ ಅನೇಕ ಕಡೆ ಪೊಲೀಸ್ ವೆರಿಫಿಕೇಶನ್ ಕೇಳುತ್ತಾರೆ. ಆದರೆ ಡೇರಿಯ ಯಂತ್ರ ನೋಡುವುದು ಫ್ಯಾಟು, ಎಸ್‌.ಎನ್‌.ಎಫ್‌. ಎರಡನ್ನೇ. ಹಾಲು ಕರೆಯಲು ಯಾರ ನಡತೆ ಪತ್ರವೂ ಬೇಡ. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ (ಬೆಂಗಳೂರಿನ ಕೋರಮಂಗಲ ಅಲ್ಲ) ಬಯಲು ಬಂದೀಖಾನೆ ಇದೆ. ಒಳ್ಳೆಯ ನಡತೆಯ ಬಂದಿಗಳು ಅಲ್ಲಿ ಹೊಲದ ಕೆಲಸ ಮಾಡುತ್ತಾರೆ. ಮಣ್ಣು, ದನಕರು ಬಲ್ಲವರು ಹೊರಗೆ ಬಂದ ಮೇಲೂ ಅದನ್ನೇ ನೆಚ್ಚಿಕೊಳ್ಳುವುದು ಸಹಜ.

ಅವರನ್ನು ತಡೆಯುವುದು ಯಂತ್ರವಲ್ಲ, ನಮ್ಮ ಸಾಲು. ಬೆಳಿಗ್ಗೆ ಕ್ಯಾನು ಹಿಡಿದು ಬಂದಾಕೆಯ ಬೆನ್ನ ಹಿಂದೆ ಗುಸುಗುಸು ಶುರುವಾದರೆ ನಾಲ್ಕನೇ ದಿನ ಅವಳು ಬರುವುದಿಲ್ಲ. ಖಾಸಗಿಯವರಿಗೆ ಹಾಕುತ್ತಾಳೆ, ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕಳೆದುಕೊಳ್ಳುತ್ತಾಳೆ. ಅವಳ ಮಕ್ಕಳ ಪಾಲಿಗೆ ಅದೂ ಒಂದು ದಂಡ.

ಇನ್ನೊಂದು ತೊಡಕು ಕಾಗದ ಪತ್ರದ್ದು. ಎರಡು ವರ್ಷ ವ್ಯವಹಾರ ನಡೆಯದ ಬ್ಯಾಂಕ್ ಖಾತೆ ನಿಷ್ಕ್ರಿಯವಾಗುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಬೇರೆ ಯಾರಿಗೋ ಹೋಗಿರುತ್ತದೆ. ಹಾಲಿನ ಹಣ ಬೀಳುವುದು ಖಾತೆಗೇ ಆದ್ದರಿಂದ ಇದು ಸರಿಯಾಗದೆ ಏನೂ ನಡೆಯದು. ಕೆ.ವೈ.ಸಿ. ಕೊಟ್ಟು ಖಾತೆ ಮತ್ತೆ ಚಾಲೂ ಮಾಡಿಸಲು ಶುಲ್ಕವಿಲ್ಲ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುವವರ ಜೊತೆ ನಿಮ್ಮಲ್ಲೊಬ್ಬರು ಹೋಗಿ ಬನ್ನಿ.

ಮಗ ಮೊದಲ ಸಲ ಸಣ್ಣ ಕಳವಿನ ಕೇಸಿನಲ್ಲಿ ಸಿಕ್ಕಿದ್ದಾನೆಯೇ? ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ 1958ರ ಬಗ್ಗೆ ವಕೀಲರನ್ನು ಕೇಳಿ. ಎಚ್ಚರಿಕೆ ಕೊಟ್ಟೋ, ಒಳ್ಳೆಯ ನಡತೆಯ ಬಾಂಡ್ ಬರೆಸಿಕೊಂಡೋ ನ್ಯಾಯಾಲಯ ಬಿಟ್ಟು ಕಳಿಸಬಹುದು. ಬಾಂಡ್ ಮುರಿಯದಿದ್ದರೆ ಆ ತೀರ್ಪಿನಿಂದ ಬರುವ ಅನರ್ಹತೆ ತಟ್ಟದು ಎನ್ನುತ್ತದೆ 12ನೇ ಕಲಂ. ಉದ್ಯೋಗದ ಅರ್ಜಿಯಲ್ಲಿ ಕೇಸಿನ ಬಗ್ಗೆ ಕೇಳಿದ್ದರೆ ಮುಚ್ಚಿಡಬೇಡಿ. ಮುಚ್ಚಿಟ್ಟಿದ್ದು ಬಯಲಾದರೆ ಸಿಕ್ಕ ಕೆಲಸವೂ ಹೋದೀತು. ವಕೀಲರ ಫೀಜಿಗೆ ಹೆದರಬೇಕಿಲ್ಲ. ಹೆಣ್ಣುಮಕ್ಕಳಿಗೆ, ಜೈಲಿನಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. 15100ಕ್ಕೆ ಫೋನ್ ಮಾಡಿ.

'ನಮ್ಮ ಮನೆಯಲ್ಲೂ ಹೆಣ್ಣುಮಕ್ಕಳಿದ್ದಾರೆ, ಹೇಗೆ ನಂಬೋದು?' ಎಂದು ನೀವು ಕೇಳುವುದು ತಪ್ಪಲ್ಲ. ಮಕ್ಕಳ ಮೇಲೆ ದೌರ್ಜನ್ಯ ಎಸಗಿದವರನ್ನೂ ಗದ್ದೆಯ ಬದುವಿನ ಜಗಳದಲ್ಲಿ ಕೈ ಮಾಡಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಎಂದು ಯಾರೂ ಹೇಳುವುದಿಲ್ಲ. ಕೇಸು ಯಾವುದು, ಎಷ್ಟು ವರ್ಷದ ಹಿಂದಿನದು, ಬಂದ ಮೇಲೆ ಹೇಗಿದ್ದಾರೆ ಎಂದು ನೋಡಿ. ಸಂಘದ ಸದಸ್ಯತ್ವಕ್ಕೆ, ಕಾರ್ಯದರ್ಶಿಯಂಥ ಲೆಕ್ಕಪತ್ರದ ಹುದ್ದೆಗೆ ಬೈಲಾ ಏನು ಹೇಳುತ್ತದೆ ಎಂದು ವಿಸ್ತರಣಾಧಿಕಾರಿಗಳ ಜೊತೆ ಕೂತು ಓದಿ. ನೊಂದ ಮನೆಯವರೂ ಅದೇ ಊರಲ್ಲಿ, ಅದೇ ಡೇರಿಗೆ ಹಾಲು ಹಾಕುವವರಾಗಿದ್ದರೆ? ಇದಕ್ಕೆ ಸಲೀಸಾದ ಉತ್ತರವಿಲ್ಲ. ಅವರನ್ನು ಮೊದಲು ಕಂಡು ಮಾತಾಡಿ. 'ಕ್ಷಮಿಸಿಬಿಡಿ' ಎಂದು ಒತ್ತಾಯಿಸಬೇಡಿ. ಇಬ್ಬರೂ ಎದುರುಬದುರಾಗದ ಹಾಗೆ ಒಬ್ಬರಿಗೆ ಮೊದಲು, ಇನ್ನೊಬ್ಬರಿಗೆ ಕೊನೆಗೆ ಬರಲು ಹೇಳುವುದು ನಿಮ್ಮ ಕೈಯಲ್ಲೇ ಇದೆ.

ಕೈಯಲ್ಲಿ ಕಾಸಿಲ್ಲದವರಿಗೆ ಹಸು ಎಲ್ಲಿಂದ ಬಂತು? ಅದಕ್ಕೆ ನಮ್ಮಲ್ಲಿ ಹಳೆಯ ದಾರಿಯೇ ಇದೆ, ಕರು ಪಾಲಿಗೆ ಕೊಡುವುದು. ನಿಮ್ಮ ಕೊಟ್ಟಿಗೆಯಲ್ಲಿ ಹೆಚ್ಚಾದ ಹೆಣ್ಣುಕರುವನ್ನು ಸಾಕಲು ಕೊಡಿ. ಬೆಳೆದ ಮೇಲೆ ಬೆಲೆ ಕಟ್ಟಿ ಹಂಚಿಕೊಳ್ಳಿ. ದಾನವೆಂದರೆ ಇಸಿದುಕೊಂಡವರ ತಲೆ ತಗ್ಗುತ್ತದೆ, ಪಾಲಿನಲ್ಲಿ ಹಾಗಿಲ್ಲ. ಕರು ಗಬ್ಬವಾಗಿ ಈಯುವ ತನಕ ಎರಡು ವರ್ಷಕ್ಕೂ ಹೆಚ್ಚು ಬೇಕು. ಅಲ್ಲಿಯವರೆಗೆ ಮೇವು ಕತ್ತರಿಸುವ, ಸಗಣಿ ಬಾಚುವ ಕೂಲಿಗೆ ಅವರನ್ನೇ ಕರೆಯಿರಿ. ಕೂಲಿ ಮಾತ್ರ ಎಲ್ಲರಿಗೆ ಕೊಡುವಷ್ಟೇ ಕೊಡಿ.

ಪಾಲಿಗೆ ಕೊಡುವ ಮುಂಚೆ ಕರುವಿಗೆ ಕಿವಿಯೋಲೆ ಹಾಕಿಸಿ. ಅದಿಲ್ಲದೆ ವಿಮೆ ಆಗುವುದಿಲ್ಲ. ವಿಮೆ ಯಾರ ಹೆಸರಿನಲ್ಲಿ, ಕಂತು ಕಟ್ಟುವವರು ಯಾರು, ಕರು ಸತ್ತರೆ ಹಣ ಹೇಗೆ ಹಂಚಿಕೆ ಎಂಬುದನ್ನು ಇಬ್ಬರು ಸಾಕ್ಷಿಗಳ ಮುಂದೆ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ, ಆಳಿಗೊಂದು ಪ್ರತಿ ಇಟ್ಟುಕೊಳ್ಳಿ.